ಪದಚರ್ಚೆ: ‘ಜೀವಂತ ಸಮಾಧಿ’ಯಾದವನು ಬದುಕಿದ್ದಾನೋ, ಸತ್ತಿದ್ದಾನೋ?

ಬಳಗದ ಎಲ್ಲರಿಗೂ ಶರಣು.

ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಇಪ್ಪತ್ತೆಂಟು ವರ್ಷ ಕರಡು ತಿದ್ದಿ, ಈಗ ಧಾರವಾಡದ ಮನೆಯಲ್ಲಿ ಆರಾಮ ಕೂತವನು ನಾನು. ಆರಾಮ ಅನ್ನುವುದು ಮಾತಿಗೆ. ಅಕ್ಕನ ಮಗ ಕೂಡಗೊಡುವುದಿಲ್ಲ. ಅವನೂ ಅವನ ನಾಲ್ಕು ಗೆಳೆಯರೂ ಕೂಡಿ ಅರ್ಧ ತಾಸಿನ ಒಂದು ಸಿನಿಮಾ ತೆಗೆಯುತ್ತಿದ್ದಾರೆ. ಬಡ್ಡಿಗೆ ದುಡ್ಡು ಕೊಟ್ಟವರು ಒಬ್ಬ ಹುಡುಗನನ್ನು ಪ್ಲೈವುಡ್ ಪೆಟ್ಟಿಗೆಯಲ್ಲಿ ಹಾಕಿ, ಮೊಳೆ ಹೊಡೆದು, ಹೊಲದಲ್ಲಿ ಹುಗಿದು ಹೋಗುತ್ತಾರೆ. ಹುಡುಗ ಒಳಗಿಂದಲೇ ಫೋನಿನಲ್ಲಿ ಮಾತಾಡುತ್ತಾನೆ, ಅಳುತ್ತಾನೆ, ಬೈಯುತ್ತಾನೆ. 2010ರಲ್ಲಿ ಬಂದ ‘ಬರೀಡ್’ ಎಂಬ ಸಿನಿಮಾದ ನೆರಳು ಇದರ ಮೇಲಿದೆ ಎಂದು ಅವನೇ ಒಪ್ಪುತ್ತಾನೆ. ಅದರಲ್ಲಿ ಇರಾಕಿನಲ್ಲಿ ಟ್ರಕ್ ಓಡಿಸುವ ಅಮೆರಿಕದವನೊಬ್ಬ ಪೆಟ್ಟಿಗೆಯೊಳಗೆ ಕಣ್ಣು ತೆರೆಯುತ್ತಾನೆ. ಕೈಗೆ ಸಿಗುವುದು ಒಂದು ಲೈಟರ್, ಒಂದು ಮೊಬೈಲು. ಸಿನಿಮಾ ಮುಗಿಯುವ ತನಕ ನಾವೂ ಆ ಪೆಟ್ಟಿಗೆಯಲ್ಲೇ ಇರುತ್ತೇವೆ.

‘ಅದರಾಗ ಅಂವ ಉಳಿಯೂದಿಲ್ಲ ಮಾಮಾ, ನಮ್ಮ ಸಿನಿಮಾದಾಗ ಉಳೀತಾನ. ಹಂಗಾಗಿ ‘ಬರೀಡ್ ಅಲೈವ್’ ಅನ್ನೂದಕ್ಕ ಕನ್ನಡದಾಗ ಒಂದ ಛಂದನ ಹೆಸರ ಹೇಳ್ರಿ’ ಎಂದ. ನಾನು ಯೋಚನೆ ಮಾಡದೆ ‘ಜೀವಂತ ಸಮಾಧಿ’ ಎಂದುಬಿಟ್ಟೆ. ಇಪ್ಪತ್ತೆಂಟು ವರ್ಷದ ಚಟ. ಹುಡುಗರು ಅದೇ ಹೆಸರಿನಲ್ಲಿ ಪೋಸ್ಟರ್ ಮಾಡಿಸಿದರು. ಕರಿ ಹಿನ್ನೆಲೆ, ಮಣ್ಣಿನಿಂದ ಮೇಲೆ ಚಾಚಿದ ಒಂದು ಕೈ. ಪಕ್ಕದ ಮನೆಯ ಎಂಬತ್ತು ದಾಟಿದ ಅಮ್ಮ ಕನ್ನಡಕ ಏರಿಸಿಕೊಂಡು ಓದಿ, ಆ ಕೈಗೆ ನಮಸ್ಕಾರ ಮಾಡಿ, ‘ಯಾವ ಅಜ್ಜಾರ ಪುರಾಣ ಇದು? ಯಾವ ಮಠದಾಗ ಹಚ್ಚ್ಯಾರ?’ ಎಂದು ಕೇಳಿದರು.

ಹುಡುಗರು ನಕ್ಕರು. ನನಗೆ ನಗೆ ಬರಲಿಲ್ಲ. ಅಮ್ಮ ಓದಿದ್ದು ಸರಿಯಾಗಿಯೇ ಇತ್ತು, ತಪ್ಪು ನನ್ನದು. ಅದನ್ನೇ ಬಳಗದ ಮುಂದಿಡಲು ಈ ಓಲೆ. ಉದ್ದವಾದರೆ ಸಹಿಸಿಕೊಳ್ಳಿ.

ಸಮಾಧಿ ಅನ್ನುವ ಶಬ್ದ ಹುಟ್ಟಿದ್ದು ಮಣ್ಣಿನಲ್ಲಲ್ಲ ಅನ್ನುವುದು ನಿಮಗೆಲ್ಲ ಗೊತ್ತು. ಪತಂಜಲಿಯ ಯೋಗದ ಎಂಟು ಅಂಗಗಳಲ್ಲಿ ಕಡೆಯದು ಅದು, ಚಿತ್ತ ಒಂದೆಡೆ ನೆಲೆಗೊಳ್ಳುವುದು. ಅಲ್ಲಿಂದ ಯೋಗಿಯ ಸಾವಿಗೆ, ಸಾವಿನಿಂದ ಅವನನ್ನು ಇಟ್ಟ ಜಾಗಕ್ಕೆ, ಆ ಜಾಗದ ಮೇಲಿನ ಕಟ್ಟಡಕ್ಕೆ ಶಬ್ದ ಇಳಿಯುತ್ತಾ ಬಂತು. ನಮ್ಮ ಕಡೆ ಇವತ್ತಿಗೂ ಎಲ್ಲ ಹಂತಗಳೂ ಒಟ್ಟಿಗೇ ಬಳಕೆಯಲ್ಲಿವೆ. ಹುಬ್ಬಳ್ಳಿಯ ಸಿದ್ಧಾರೂಢರ ಮಠಕ್ಕೆ ಹೋದವರು ‘ಸಮಾಧಿ ದರ್ಶನ’ ಅನ್ನುತ್ತಾರೆ, ಶಿಶುನಾಳಕ್ಕೆ ಹೋದವರು ಶರೀಫರ ‘ಗದ್ದಿಗಿ’ ಅನ್ನುತ್ತಾರೆ. ಇನ್ನು ಬದುಕಿದ್ದಾಗಲೇ ಒಳಹೊಕ್ಕವರ ಮಾತು ಬಂದರೆ ಶಬ್ದಗಳು ಇನ್ನೂ ಮೇಲಕ್ಕೇರುತ್ತವೆ. 1296ರಲ್ಲಿ ಆಳಂದಿಯಲ್ಲಿ ಜ್ಞಾನೇಶ್ವರರು ತೆಗೆದುಕೊಂಡದ್ದು ಸಂಜೀವನ ಸಮಾಧಿ. 1671ರಲ್ಲಿ ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳದು ಸಶರೀರ ವೃಂದಾವನ ಪ್ರವೇಶ. ಯಡಿಯೂರು ಸಿದ್ಧಲಿಂಗರದು ನಿರ್ವಿಕಲ್ಪ ಸಮಾಧಿ. ಕ್ರಿಯಾಪದಗಳನ್ನು ನೋಡಿ: ತೆಗೆದುಕೊಂಡರು, ಪ್ರವೇಶಿಸಿದರು, ಹೊಂದಿದರು. ಮಾಡುವವರು ಅವರೇ. ಯಾರೂ ಅವರನ್ನು ತಳ್ಳಲಿಲ್ಲ, ಮೇಲೆ ಯಾವುದೂ ಕುಸಿಯಲಿಲ್ಲ. ಜೀವಂತ ಸಮಾಧಿ ಅಂದೊಡನೆ ಪಕ್ಕದ ಮನೆಯ ಅಮ್ಮನ ಕೈ ತಾನಾಗಿ ಜೋಡಿಸಿಕೊಂಡದ್ದು ಅದಕ್ಕೇ. ಆ ಜೋಡಿ ಪದದಲ್ಲಿ ಒಳಗಿರುವವನ ಒಪ್ಪಿಗೆ ಸೇರಿಕೊಂಡಿದೆ.

ಈಗ ಪತ್ರಿಕೆಯ ತಲೆಬರಹಕ್ಕೆ ಬರೋಣ. ‘ಮಣ್ಣು ಕುಸಿದು ಮೂವರು ಜೀವಂತ ಸಮಾಧಿ.’ ಇಂಥ ಸಾಲನ್ನು ನಾನು ಎಷ್ಟು ಸಲ ಓಕೆ ಮಾಡಿದ್ದೇನೋ ಲೆಕ್ಕವಿಲ್ಲ. ನಾಲ್ಕು ಕಾಲಂ ಅಗಲಕ್ಕೆ ಅಳತೆ ಮಾಡಿದಂತೆ ಕೂಡುತ್ತದೆ. ‘ಕಾರ್ಮಿಕರ ಸಾವು’ ಅಂದರೆ ಓದುಗ ಮುಂದಿನ ಪುಟಕ್ಕೆ ಹೋಗುತ್ತಾನೆ, ‘ಜೀವಂತ ಸಮಾಧಿ’ ಅಂದರೆ ನಿಲ್ಲುತ್ತಾನೆ ಎಂದು ನಮ್ಮ ಸುದ್ದಿ ವಿಭಾಗದಲ್ಲಿ ಒಂದು ನಂಬಿಕೆ ಇತ್ತು.

ಒಂದು ಬೇಸಿಗೆ. ಬಾವಿ ತೋಡುವ ಕೆಲಸದಲ್ಲಿ ಮಣ್ಣು ಜರಿದು ಮೂವರು ಹೋದರು. ರಾತ್ರಿ ಹನ್ನೊಂದರ ಸುಮಾರಿಗೆ ಸುದ್ದಿ ಬಂತು, ಇದೇ ತಲೆಬರಹ ಬಂತು, ನಾನು ‘ಸಮಾದಿ’ ಎಂದಿದ್ದುದನ್ನು ‘ಸಮಾಧಿ’ ಎಂದು ತಿದ್ದಿ ಕಳಿಸಿದೆ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕಚೇರಿಯ ಬಾಗಿಲಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ನಮ್ಮ ಪತ್ರಿಕೆ. ಕಾವಲಿನವನು ಅವರನ್ನು ನನ್ನ ಮೇಜಿಗೆ ಕಳಿಸಿದ, ಅಷ್ಟು ಹೊತ್ತಿಗೆ ಬೇರೆ ಯಾರೂ ಬಂದಿರಲಿಲ್ಲ. ಗಂಡಸು ಬೇರೆ ಊರಿನಲ್ಲಿ ಗೌಂಡಿ ಕೆಲಸಕ್ಕೆ ಹೋಗಿದ್ದವನು, ಸತ್ತವರಲ್ಲಿ ಒಬ್ಬನ ಅಣ್ಣ. ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡು, ಅಕ್ಷರಕ್ಕಕ್ಷರ ಕೂಡಿಸಿ ಓದಿದ್ದ. ಬೆರಳು ಒಂದು ಶಬ್ದದ ಮೇಲಿತ್ತು. ‘ಸಾಹೇಬ್ರ, ಜೀವಂತ ಅಂತ ಹಾಕೀರಲ್ರಿ, ಯಾವ ದವಾಖಾನಿಗೆ ಒಯ್ದಾರ ಅಷ್ಟ ಹೇಳ್ರಿ, ನಾವು ಹೋಗ್ತೇವಿ.’

ಅವನಿಗೆ ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಸಂಜೆ ಸಂಪಾದಕರ ಕೋಣೆಗೆ ಹೋಗಿ ಈ ಶಬ್ದ ಬಿಡೋಣ ಎಂದೆ. ‘ಎಲ್ಲಾರೂ ಹಾಕ್ತಾರ್ರಿ’ ಎಂದರು. ಹೌದು, ಎಲ್ಲರೂ ಹಾಕುತ್ತಿದ್ದರು. ನಾನೂ ಮುಂದೆ ಹಾಕುತ್ತಲೇ ಹೋದೆ.

ಅವನ ಓದಿನಲ್ಲಿ ವ್ಯಾಕರಣದ ತಪ್ಪಿರಲಿಲ್ಲ. ಜೀವಂತ ಅಂದರೆ ಜೀವ ಇರುವ ಎಂದೇ ಅರ್ಥ. ಜೀವಂತ ಕೋಳಿ, ಜೀವಂತ ಗುಂಡು, ಜೀವಂತ ದಂತಕಥೆ ಎಲ್ಲದರಲ್ಲೂ ಜೀವ ಈಗ ಇದೆ. ಜೀವಂತ ಸಮಾಧಿಯ ತಲೆಬರಹದಲ್ಲಿ ಮಾತ್ರ ಅದು ಭೂತಕಾಲಕ್ಕೆ ಜಾರುತ್ತದೆ, ಆಗ ಜೀವವಿತ್ತು, ಈಗ ಇಲ್ಲ. ‘ಸಜೀವ ದಹನ’ದ್ದೂ ಇದೇ ಕತೆ. ಸಜೀವ ದಹನವಾಗಿ ಬದುಕಿ ಬಂದವರನ್ನು ಯಾವ ಪತ್ರಿಕೆಯಲ್ಲಾದರೂ ಓದಿದ್ದೀರಾ? ಸುಟ್ಟ ಗಾಯಗಳಾಗಿ ಬದುಕಿದರೆ ಅವರು ‘ಗಾಯಾಳು’. ಅಂದರೆ ಸಂಸ್ಕೃತದ ಈ ಎರಡು ಜೋಡಿಗಳಲ್ಲಿ ಜೀವ ಅನ್ನುವ ಅಕ್ಷರ ಕಂಡರೆ ಸಾವು ಖಾತ್ರಿ ಎಂದು ತಿಳಿಯಬೇಕು. ಪತ್ರಿಕೆ ಓದಿ ಪಳಗಿದವರಿಗೆ ಇದು ಗೊತ್ತು. ಆ ಗೌಂಡಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಕಾರಣವೂ ಇರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಒಬ್ಬನೇ ಮನುಷ್ಯ, ಒಂದೇ ಮಣ್ಣು, ಶಬ್ದ ಮಾತ್ರ ಗಂಟೆಗಂಟೆಗೆ ಬದಲಾಗುತ್ತದೆ. 2019ರ ಮಾರ್ಚ್ 19ರಂದು ನಮ್ಮ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದದ್ದು ಧಾರವಾಡದವರಾರೂ ಮರೆತಿಲ್ಲ. 19 ಜನ ತೀರಿಕೊಂಡರು. 60 ತಾಸು ದಾಟಿದ ಮೇಲೂ ಒಳಗಿಂದ ಜೀವ ಹಿಡಿದು ಬಂದವರಿದ್ದರು. ಆ ದಿನಗಳಲ್ಲಿ ಟಿವಿಯವರು ಹೇಳುತ್ತಿದ್ದುದು ‘ಅವಶೇಷಗಳಡಿ ಸಿಲುಕಿದವರು’. ಹೆಣ ಸಿಕ್ಕ ಕೂಡಲೇ ಅದೇ ವ್ಯಕ್ತಿ ‘ಜೀವಂತ ಸಮಾಧಿಯಾದವರ’ ಪಟ್ಟಿಗೆ ಸೇರುತ್ತಿದ್ದ. 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು 17 ದಿನ ಇದ್ದರಲ್ಲ, ಅವರನ್ನು ಯಾರೂ ಜೀವಂತ ಸಮಾಧಿ ಎಂದು ಬರೆಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎಳೆಯ ಕೂಸು ಸುಮಾರು 20 ತಾಸಿನ ನಂತರ ಅಳುತ್ತಾ ಮೇಲೆ ಬಂತು. ಅದಕ್ಕೂ ‘ಸಿಲುಕಿದ’ ಎಂಬ ಶಬ್ದವೇ. ಹಾಗಾದರೆ ಆಸೆ ಇರುವತನಕ ಸಿಲುಕು, ಆಸೆ ಹೋದ ಮೇಲೆ ಸಮಾಧಿ. ಈ ಹಂಚಿಕೆಯನ್ನು ಯಾವ ಕೋಶವೂ ಬರೆದಿಟ್ಟಿಲ್ಲ, ಸುದ್ದಿಮನೆಗಳು ತಾವಾಗಿ ಮಾಡಿಕೊಂಡವು.

ಆದರೆ ‘ಸಿಲುಕು’ ಬಹಳ ಸಡಿಲ ಶಬ್ದ. ಟ್ರಾಫಿಕ್ಕಿನಲ್ಲೂ ಸಿಲುಕುತ್ತೇವೆ, ಸಾಲದಲ್ಲೂ ಸಿಲುಕುತ್ತೇವೆ. ಅದರಲ್ಲಿ ಮಣ್ಣಿನ ಭಾರ ಇಲ್ಲ.

ಹಾಗಾಗಿ ನಮ್ಮ ಕಡೆಯ ಮಾತಿನಲ್ಲಿ ಏನಿದೆ ಎಂದು ಹುಡುಕಲು ಹೊರಟೆ. ಹೆಣವನ್ನು ಮಣ್ಣಿಗೆ ಸೇರಿಸುವುದೇ ಹೆಚ್ಚಿರುವ ಸೀಮೆ ನಮ್ಮದು, ಶಬ್ದಕ್ಕೇನು ಬರ ಅಂದುಕೊಂಡೆ. ಸತ್ತವರ ಮನೆಗೆ ಹೋಗುವುದನ್ನೇ ನಾವು ‘ಮಣ್ಣಿಗೆ ಹೋಗೂದು’ ಅನ್ನುತ್ತೇವೆ. ‘ನಿನ್ನೆ ಅಂಗಡಿ ಯಾಕ ಬಂದ್ ಇತ್ತು?’ ‘ಅಣ್ಣಿಗೇರಿಗೆ ಮಣ್ಣಿಗೆ ಹೋಗಿದ್ವಿ.’ ಮೈಸೂರಿನ ಗೆಳೆಯರೊಬ್ಬರು ಇದನ್ನು ಕೇಳಿ, ಮನೆ ಕಟ್ಟಲು ಮಣ್ಣು ತರಲು ಹೋಗಿದ್ದಿರಾ ಎಂದಿದ್ದರು. ಜಗಳ ಮಾಡಿಕೊಂಡ ಮುದುಕರು ‘ನನ್ನ ಮಣ್ಣಿಗೂ ಬರಬ್ಯಾಡ’ ಅಂದರೆ ಅದಕ್ಕಿಂತ ದೊಡ್ಡ ಮುನಿಸಿಲ್ಲ. ಹೆಣಕ್ಕೆ ‘ಮಣ್ಣು ಕೊಟ್ರು’ ಅನ್ನುವುದು ಅತ್ಯಂತ ಗೌರವದ ಮಾತು. ಕೊಡುವುದು, ಒಂದೊಂದು ಹಿಡಿ, ಬಂದವರೆಲ್ಲರೂ. ನಮ್ಮ ಓಣಿಯ ಮುಸಲ್ಮಾನರು ತಮ್ಮ ಮಾತಿನಲ್ಲಿ ‘ಮಿಟ್ಟಿ ದೇನಾ’ ಅನ್ನುತ್ತಾರೆ, ಅದೇ ಕ್ರಿಯೆ, ಅದೇ ಶಬ್ದ.

ನಮ್ಮ ಕಡೆಯ ಸುಡಗಾಡಿನಲ್ಲಿ ಕುಣಿ, ಅಂದರೆ ಹೆಣ ಇಳಿಸುವ ಗುಂಡಿ, ತೆಗೆಯುವ ಒಬ್ಬ ಹಿರಿಯರನ್ನು ಕೇಳಿದೆ. ಗುದ್ದಲಿ ಮೊಮ್ಮಗನ ಕೈಗೆ ಕೊಟ್ಟು ಈಗ ಬರೀ ಅಳತೆ ಹೇಳುತ್ತಾರೆ. ‘ಯಜಮಾನ್ರ, ಹೂಳೂದು, ಹುಗಿಯೂದು ಎರಡೂ ಒಂದನ ಏನ್ರಿ?’ ಎಂದೆ. ಮುಖ ಗಂಟಿಕ್ಕಿದರು. ‘ಮನಷ್ಯಾಗ ಮಣ್ಣ ಕೊಡ್ತಾರ್ರಿ. ಹುಗಿಯೂದು ನಾಯಿಗೆ.’ ಸ್ವಲ್ಪ ತಡೆದು, ‘ಇಲ್ಲಾ ವೈರಿಗೆ’ ಎಂದು ಸೇರಿಸಿದರು. ಸಿನಿಮಾದ ಖಳನಾಯಕರಿಗೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ‘ಇಲ್ಲೇ ಹೂತುಬಿಡ್ತೀನಿ’ ಎಂದು ಗದರಿಸುತ್ತಾರೆಯೇ ಹೊರತು ‘ನಿನಗೆ ಮಣ್ಣು ಕೊಡ್ತೀನಿ’ ಎಂದು ಯಾವ ಖಳನೂ ಅನ್ನುವುದಿಲ್ಲ. ಅಂದರೆ ಜನ ನಗುತ್ತಾರೆ.

ಹೂಳು ಹಳೆಗನ್ನಡದ ಪೂೞ್. ಕೆರೆಯ ಹೂಳೂ ಹೆಣ ಹೂಳುವುದೂ ಒಂದೇ ಬೇರಿನವು, ತುಂಬಿ ಮುಚ್ಚುವುದು. ಕೆರೆಯ ಹೂಳು ತಾನಾಗಿ ಬಂದು ತುಂಬುತ್ತದೆ, ಹೆಣವನ್ನು ನಾವು ತುಂಬಿ ಮುಚ್ಚುತ್ತೇವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೆಯ ಶಾಸನಗಳಲ್ಲಿ ಬದುಕಿರುವಾಗಲೇ ಹೂಳಿಸಿಕೊಂಡವನಿಗೆ ಒಂದು ಶಬ್ದ ಇತ್ತು ಅನ್ನುವುದನ್ನು ಬಳಗದ ಶಾಸನಪ್ರಿಯರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ಕೀಳ್ಗುಂಟೆ. ಟಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ಸಿಕ್ಕ 9ನೇ ಶತಮಾನದ ಕಲ್ಲಿನಲ್ಲಿ ಗಂಗರ ದೊರೆ ನೀತಿಮಾರ್ಗ ತೀರಿಕೊಂಡಾಗ ಅವನ ಆಪ್ತ ಸೇವಕ ಅಗರಯ್ಯ ಕೀಳ್ಗುಂಟೆಯಾದ ವಿಷಯ ಇದೆ. ಒಡೆಯನ ಹೆಣದ ಕೆಳಗೆ ತಾನೂ ಕುಣಿಗಿಳಿಯುವುದು ಎಂದು ವಿದ್ವಾಂಸರು ಅರ್ಥ ಹೇಳುತ್ತಾರೆ. ಜೋಳವಾಳಿ, ವೇಳೆವಾಳಿಗಳ ಕಾಲ, ಉಂಡ ಅನ್ನದ ಋಣ ಜೀವ ಕೊಟ್ಟು ತೀರಿಸುವ ಕಾಲ. ‘ಕೀಳ್’ ಅಂದರೆ ಇಲ್ಲಿ ಕೆಳಗೆ ಅಷ್ಟೇ, ಆದರೆ ಇವತ್ತಿನ ಕಿವಿಗೆ ಬೇರೆ ಕೀಳೂ ಕೇಳಿಸುತ್ತದೆ. ಸೊಗಸಾದ ಶಬ್ದ, ನಮಗೆ ಉಪಯೋಗವಿಲ್ಲದ ಶಬ್ದ. ಅಳಿಯನ ಸಿನಿಮಾದ ಹುಡುಗ ಯಾರ ಋಣವನ್ನೂ ಹಾಗೆ ತೀರಿಸಲು ಒಪ್ಪಿಲ್ಲ. ಬಡ್ಡಿ ಕಟ್ಟಿಲ್ಲ ಅಷ್ಟೇ.

ಗೋಡೆಯ ಮಾತೂ ಬರುತ್ತದೆ. ಅನಾರ್ಕಲಿಯ ಕತೆ ಎಲ್ಲರಿಗೂ ಗೊತ್ತು. ಹಿಂದಿಯಲ್ಲಿ ಅದಕ್ಕೆ ‘ಚುನವಾನಾ’ ಎಂಬ ಒಂದೇ ಕ್ರಿಯಾಪದ ಸಾಕು. ಇಟ್ಟಿಗೆ ಜೋಡಿಸುವ ಗೌಂಡಿ ಮಾತು, ಅದಕ್ಕೇ ಮೈ ನಡುಗಿಸುತ್ತದೆ. 1960ರ ‘ಮೊಘಲ್-ಎ-ಆಜಂ’ನಲ್ಲಿ ಅವಳನ್ನು ಗುಟ್ಟಿನ ದಾರಿಯಿಂದ ಹೊರಗೆ ಕಳಿಸಿಬಿಡುತ್ತಾರೆ, ಪ್ರೇಕ್ಷಕರ ಪುಣ್ಯ. ಕನ್ನಡದಲ್ಲಿ ‘ಗೋಡ್ಯಾಗ ಇಟ್ಟು ಕಟ್ಟಿದ್ರು’ ಎಂದು ಮೂರು ಶಬ್ದ ಬೇಕು. ಗ್ರೀಕರ ಅಂತಿಗೊನೆಯನ್ನೂ ಬಂಡೆಯ ಗುಹೆಯಲ್ಲಿಟ್ಟು ಮುಚ್ಚುತ್ತಾರೆ. ಲಂಕೇಶರು ಅದನ್ನು ಕನ್ನಡಕ್ಕೆ ತಂದದ್ದನ್ನು ಮನೆಯಲ್ಲಿ ಹುಡುಕಿದೆ, ಯಾರೋ ಒಯ್ದು ತಿರುಗಿ ಕೊಟ್ಟಿಲ್ಲ. ಬಳಗದಲ್ಲಿ ಪುಸ್ತಕ ಇದ್ದವರು ಆ ಜಾಗದಲ್ಲಿ ಯಾವ ಶಬ್ದ ಬಂದಿದೆ ನೋಡಿ ತಿಳಿಸಿದರೆ ಉಪಕಾರ.

ಪಶ್ಚಿಮದವರಿಗೆ ಈ ಭಯ ನಮಗಿಂತ ಹೆಚ್ಚು ಯಾಕೆ ಕಾಡಿತು ಅನ್ನುವುದು ನನ್ನ ತಲೆ ತಿಂದ ಇನ್ನೊಂದು ಪ್ರಶ್ನೆ. ಅಲ್ಲಿ ಅದಕ್ಕೊಂದು ರೋಗದ ಹೆಸರೇ ಇದೆ, ಟ್ಯಾಫೋಫೋಬಿಯಾ, ಗೋರಿಯ ಭಯ. ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ 1799ರಲ್ಲಿ ಸಾಯುವಾಗ, ಸತ್ತ ಮೇಲೆ ಮೂರು ದಿನ ಕಳೆಯುವತನಕ ತನ್ನನ್ನು ಗೋರಿಗೆ ಇಳಿಸಬಾರದು ಎಂದು ಹೇಳಿ ಹೋದ. ನೊಬೆಲ್ ಪ್ರಶಸ್ತಿಯ ನೊಬೆಲ್ ತನ್ನ 1895ರ ಮರಣಪತ್ರದಲ್ಲಿ, ಸತ್ತ ನಂತರ ರಕ್ತನಾಳ ಕೊಯ್ದು ವೈದ್ಯರು ಖಾತ್ರಿ ಮಾಡಿಕೊಂಡ ಮೇಲೆಯೇ ಸುಡಬೇಕು ಎಂದು ಬರೆಸಿದ. ಎಡ್ಗರ್ ಅಲನ್ ಪೋ 1844ರಲ್ಲಿ ಇದನ್ನೇ ಕತೆ ಮಾಡಿದ. 1897ರಲ್ಲಿ ಕಾರ್ನಿಸ್ ಕಾರ್ನಿಕಿ ಎಂಬ ಪ್ರಭು ಒಂದು ಯಂತ್ರವನ್ನೇ ಮಾಡಿದ. ಹೆಣದ ಎದೆಯ ಮೇಲೊಂದು ಗಾಜಿನ ಗುಂಡು, ಅಲ್ಲಿಂದ ಮೇಲಕ್ಕೆ ಕೊಳವೆ. ಎದೆ ಅಲುಗಿದರೆ ಗಾಳಿ ಒಳಗೆ, ಬಾವುಟ ಮೇಲಕ್ಕೆ, ಗಂಟೆ ಢಣಢಣ. ಪೂರಾ ಸತ್ತ ಹೆಣವೂ ಕೊಳೆಯುವಾಗ ಉಬ್ಬಿ ಅಲುಗುತ್ತದೆ ಅನ್ನುವುದು ಅದಕ್ಕೆ ತಿಳಿಯುತ್ತಿರಲಿಲ್ಲ.

ಇಲ್ಲಿ ಪದಚರ್ಚೆಯವರಿಗೆ ಒಂದು ಎಚ್ಚರಿಕೆ. ‘ಸೇವ್ಡ್ ಬೈ ದ ಬೆಲ್’ ಎಂಬ ಇಂಗ್ಲಿಷ್ ನುಡಿಗಟ್ಟು ಈ ಗೋರಿಯ ಗಂಟೆಯಿಂದ ಬಂತು ಎಂದು ವಾಟ್ಸಾಪಿನಲ್ಲಿ ಆರು ತಿಂಗಳಿಗೊಮ್ಮೆ ಓಡಾಡುತ್ತದೆ. ಅದು ಸುಳ್ಳು. ಅದು ಬಾಕ್ಸಿಂಗ್ ಅಖಾಡದ ಗಂಟೆ, ಸುತ್ತು ಮುಗಿದದ್ದಕ್ಕೆ ಏಟು ತಪ್ಪಿಸಿಕೊಂಡವನ ಮಾತು. ‘ಡೆಡ್ ರಿಂಗರ್’ ಕೂಡ ಗೋರಿಯದಲ್ಲ, ಒಂದು ಕುದುರೆಯ ಬದಲು ಅದರ ಹಾಗೇ ಕಾಣುವ ಇನ್ನೊಂದನ್ನು ಓಡಿಸುವ ಜೂಜಿನ ಮೋಸದ್ದು. ಕತೆ ಚೆನ್ನಾಗಿದ್ದಷ್ಟೂ ವ್ಯುತ್ಪತ್ತಿಯನ್ನು ಅನುಮಾನದಿಂದ ನೋಡುವುದು ನನ್ನ ರೂಢಿ.

ಆ ಭಯಕ್ಕೆ ಕಾರಣ ನನಗೆ ತೋಚಿದ್ದು ಪೆಟ್ಟಿಗೆ. ಪೆಟ್ಟಿಗೆ ಇದ್ದರೆ ಅದರೊಳಗೆ ಒಂದಿಷ್ಟು ಗಾಳಿ ಇರುತ್ತದೆ, ಕತ್ತಲಿರುತ್ತದೆ, ಕೈ ಬಡಿಯಲು ಹಲಗೆ ಇರುತ್ತದೆ. ಕೆಲವು ತಾಸಿನ ಬದುಕು ಅಲ್ಲಿ ಸಾಧ್ಯ, ಹಾಗಾಗಿ ಕತೆಯೂ ಸಾಧ್ಯ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ 26 ಮಕ್ಕಳನ್ನೂ ಅವರ ಬಸ್ ಚಾಲಕನನ್ನೂ ಹಿಡಿದೊಯ್ದು ಕಲ್ಲುಗಣಿಯಲ್ಲಿ ಹುಗಿದಾಗ ಅವರನ್ನು ಇಟ್ಟದ್ದು ಒಂದು ಲಾರಿಯ ದೊಡ್ಡ ಡಬ್ಬಿಯೊಳಗೆ. ಸುಮಾರು 16 ತಾಸಿನ ಮೇಲೆ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನ ಮುಚ್ಚಳ ಸರಿಸಿ ಎಲ್ಲರೂ ಹೊರಬಂದರು. 2004ರ ‘ಕಿಲ್ ಬಿಲ್’ ಎರಡನೆಯ ಭಾಗದಲ್ಲಿ ನಾಯಕಿ ಹಲಗೆಗೆ ಗುದ್ದಿ ಗುದ್ದಿ ಎದ್ದು ಬರುವುದೂ ಪೆಟ್ಟಿಗೆ ಇದ್ದದ್ದಕ್ಕೇ. ನಮ್ಮಲ್ಲಿ ಹುಬ್ಬಳ್ಳಿಯ ಕ್ರೈಸ್ತ ಬಾಂಧವರನ್ನು ಬಿಟ್ಟರೆ ಪೆಟ್ಟಿಗೆ ಯಾರಿಗಿದೆ? ಮೈಮೇಲೆ ನೇರ ಮಣ್ಣು. ಅಳಿಯನ ಸಿನಿಮಾದ ಪ್ಲೈವುಡ್ ನೋಡಿ ಕುಣಿ ತೆಗೆಯುವ ಹಿರಿಯರು ‘ಇಷ್ಟ ಖರ್ಚ ಮಾಡಿ ಯಾರ ಹುಗೀತಾರ?’ ಎಂದರು. ಬಡ್ಡಿ ಧಂದೆಯವರ ಲೆಕ್ಕಾಚಾರ ಅವರಿಗೆ ಹುಡುಗರಿಗಿಂತ ಚೆನ್ನಾಗಿ ತಿಳಿದಿದೆ.

ನಮ್ಮ ಕಡೆ ನೆಲದೊಳಗಿನ ಕೋಣೆ ಅಂತ ಇದ್ದದ್ದು ಒಂದೇ, ಹಗೇವು. ಕಾಣದವರಿಗಾಗಿ ಹೇಳುತ್ತೇನೆ: ಜೋಳ ತುಂಬಿಡಲು ಮನೆಯ ಮುಂದೆ ತೋಡಿದ ಗುಮ್ಮಟದಂಥ ಗುಂಡಿ, ಬಾಯಿ ಸಣ್ಣದು, ಒಳಗೆ ಅಗಲ. ಸುತ್ತ ಹುಲ್ಲು ಹಚ್ಚಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡದು. ಕಾಳೂ ಉಸಿರಾಡುತ್ತದೆ, ಒಳಗಿನ ಪ್ರಾಣವಾಯು ತೀರಿ ಬರೀ ಕೆಟ್ಟ ಗಾಳಿ ಉಳಿಯುತ್ತದೆ. ಹುಳ ಬದುಕದಿರುವುದು ಅದಕ್ಕೇ, ಮನುಷ್ಯ ಬದುಕದಿರುವುದೂ ಅದಕ್ಕೇ. ಬಾಯಿ ತೆಗೆದು, ಹೊತ್ತು ಕಳೆಯಲು ಬಿಟ್ಟು, ಹಗ್ಗದಲ್ಲಿ ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಅವಸರಪಟ್ಟವನು ಮೇಲೆ ಬರುತ್ತಿರಲಿಲ್ಲ, ಅವನನ್ನು ಎತ್ತಲು ಇಳಿದವನೂ ಬರುತ್ತಿರಲಿಲ್ಲ. ನಮ್ಮಜ್ಜಿ ಇಂಥ ಸಾವಿಗೆ ಹುಗಿ, ಹೂಳು, ಸಮಾಧಿ ಯಾವುದನ್ನೂ ಬಳಸುತ್ತಿರಲಿಲ್ಲ. ‘ಹಗೇವು ನುಂಗಿತು’ ಅನ್ನುತ್ತಿದ್ದಳು.

ಮಣ್ಣು ನೇರ ಮೈಮೇಲೆ ಬಿದ್ದರೆ ಆಗುವುದೇ ಬೇರೆ. ಈಗ ನಮ್ಮ ಅವಳಿ ನಗರದಲ್ಲಿ ಪೈಪು ಹಾಕಲು, ಕೇಬಲ್ಲು ಹಾಕಲು ಎಲ್ಲಿ ನೋಡಿದರೂ ಆಳದ ಚರಂಡಿ. ಜೆಸಿಬಿ ನಡೆಸುವ ಹುಡುಗನೊಬ್ಬ ವಿವರಿಸಿದ. ಒಂದು ಘನಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ತಲೆ ಹೊರಗೆ ಇದ್ದು ಎದೆಯತನಕ ಮಣ್ಣು ಬಿದ್ದರೂ ಸಾಕು. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ, ಕುಗ್ಗಿದ ಜಾಗಕ್ಕೆ ಮಣ್ಣು ಇಳಿಯುತ್ತದೆ, ಮತ್ತೆ ಉಸಿರು ಎಳೆದುಕೊಳ್ಳಲು ಎದೆ ಹಿಗ್ಗುವುದಿಲ್ಲ. ನಿಮಿಷಗಳ ಮಾತು. ಅದರಲ್ಲೂ ಎರಿ ಮಣ್ಣು, ಅಂದರೆ ನಮ್ಮ ಕಡೆಯ ಕಪ್ಪು ಮಣ್ಣು, ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಒಂದು ಮಳೆ ಬಿದ್ದರೆ ಹೋಳುಹೋಳಾಗಿ ಜರಿಯುತ್ತದೆ. ಈ ‘ಜರಿ’ಯನ್ನು ಗಮನಿಸಿ. ಪತ್ರಿಕೆಯವರು ಬರೆಯುವುದು ಕುಸಿತ, ಜನ ಅನ್ನುವುದು ‘ಮಣ್ಣ ಜರೀತು’. ಕುಸಿಯುವುದು ಕೆಳಗೆ, ಜರಿಯುವುದು ಬದಿಯಿಂದ. ಚರಂಡಿಯಲ್ಲಿ ನಿಂತವನನ್ನು ಕೊಲ್ಲುವುದು ಬದಿಯ ಮಣ್ಣು, ಹಾಗಾಗಿ ಜನರ ಶಬ್ದವೇ ಹೆಚ್ಚು ಕರಾರುವಾಕ್ಕು.

ಅದೇ ಹುಡುಗನ ಬಾಯಲ್ಲಿ ನನಗೆ ಬೇಕಾದ ಶಬ್ದ ಸಿಕ್ಕಿತು ಅನಿಸುತ್ತದೆ. ಎರಡು ವರ್ಷದ ಹಿಂದೆ ಅವನ ಕಣ್ಣೆದುರೇ ಒಬ್ಬ ಆಳಿನ ಮೇಲೆ ಮಣ್ಣು ಜರಿಯಿತಂತೆ. ‘ಎಲ್ಲಾರೂ ಓಡಿ ಬಂದ್ರು. ಒಬ್ಬಂವ, ಜೆಸಿಬಿ ಬಂದ್ ಮಾಡೋ, ಅಂವ ಇಲ್ಲೇ ಹುಗದಾನ, ಬಕೆಟ್ ಬಡದೀತು, ಕೈಲೇ ತಗೀರಿ ಅಂದ. ಕೈಲೇ ತಗದ್ವಿ. ಉಳದ.’

ಹುಗದಾನ. ಹುಗದಾರ ಅಲ್ಲ. ಹುಗದಾರ ಅಂದರೆ ಯಾರೋ ಹುಗಿದಿದ್ದಾರೆ. ಹುಗದಾನ ಅಂದರೆ, ಈ ಮಾತಿನಲ್ಲಿ, ಯಾರೂ ಹುಗಿಯದೆ ಅವನು ತಾನಾಗಿ ಮಣ್ಣಿನಲ್ಲಿ ಇಳಿದುಬಿಟ್ಟಿದ್ದಾನೆ. ಚಕ್ಕಡಿಯ ಗಾಲಿ ಎರಿಯಲ್ಲಿ ಇಳಿದಾಗ ‘ಗಾಲಿ ಹುಗದೈತಿ’ ಅನ್ನುತ್ತೇವಲ್ಲ, ಅದೇ ಹುಗಿ. ಇದಕ್ಕೆ ವ್ಯಾಕರಣದ ಕರ್ಮಪದ ಬೇಡ, ಹುಗಿಯುವ ವೈರಿ ಬೇಡ. ಕೆರೆಯಲ್ಲಿ ತಾನಾಗಿ ತುಂಬುವ ಹೂಳಿನ ಮಾತು ಆಗಲೇ ಹೇಳಿದೆನಲ್ಲ, ಆ ಜಾಡಿನದು. ಎಲ್ಲಕ್ಕಿಂತ ಮುಖ್ಯವಾಗಿ, ಹುಗಿದ ಗಾಲಿ ಹೊರಗೆ ಬರುತ್ತದೆ. ಹೆಗಲು ಕೊಟ್ಟರೆ, ಕಲ್ಲು ಇಟ್ಟರೆ, ಎತ್ತಿಗೆ ಎರಡು ಹೊಡೆದರೆ ಬರುತ್ತದೆ. ಗದುಗಿನ ನಾರಣಪ್ಪನ ಕರ್ಣನ ರಥಕ್ಕೂ ಆದದ್ದು ಅದೇ. ಗಾಲಿ ಹೂತಾಗ ಅವನು ಬಿಲ್ಲು ಇಟ್ಟು ಕೆಳಗಿಳಿಯುತ್ತಾನೆ, ಎತ್ತಬಹುದು ಎಂಬ ಭರವಸೆ ಇರುವುದಕ್ಕೇ ಇಳಿಯುತ್ತಾನೆ.

ಗುದ್ದಲಿ ಹಿಡಿದ ಹಿರಿಯರಿಗೆ ಇದನ್ನು ಹೇಳಿದೆ. ಮನುಷ್ಯನಿಗೆ ಹುಗಿ ಅನ್ನಬಾರದು ಎಂದವರಲ್ಲವೇ ಅವರು. ತಲೆ ಕೆರೆದುಕೊಂಡು, ‘ಹೌದಲ್ರಿ, ಜೀವ ಇದ್ದಾಂಗ ಅಂದ್ರ ಅನ್ನಬೌದು’ ಎಂದರು.

ಈಗ ಬಳಗಕ್ಕೆ ನನ್ನ ಪ್ರಶ್ನೆ. ನಿಮ್ಮ ನಿಮ್ಮ ಕಡೆ, ಮಣ್ಣಿನಡಿ ಬದುಕಿರುವಾಗಲೇ ಸಿಕ್ಕವನಿಗೆ, ಅವನು ಇನ್ನೂ ಉಸಿರಾಡುತ್ತಿದ್ದಾನೆ ಅನ್ನುವ ನಂಬಿಕೆ ಇರುವಾಗ, ಓಡಿ ಬಂದವರು ಏನೆಂದು ಕೂಗುತ್ತಾರೆ? ಪುಸ್ತಕದ ಶಬ್ದ ಬೇಡ, ಕೂಗುವ ಶಬ್ದ ಬೇಕು. ಕೊಡಗು, ಮಲೆನಾಡಿನಲ್ಲಿ ಗುಡ್ಡ ಜಾರುವ ಊರಿನವರು ವಿಶೇಷವಾಗಿ ಬರೆಯಿರಿ. ಹಟ್ಟಿ, ಕೋಲಾರದ ಚಿನ್ನದ ಗಣಿಗಳಲ್ಲಿ ಕೆಲಸ ಮಾಡಿದ ಮನೆಗಳವರು ಬಳಗದಲ್ಲಿ ಇದ್ದರೆ, ಒಳಗೆ ಕಲ್ಲು ಸಿಡಿದು ದಾರಿ ಮುಚ್ಚಿದಾಗ ಮೇಲೆ ನಿಂತವರು ಆಡುತ್ತಿದ್ದ ಮಾತು ಯಾವುದಿತ್ತು? ಹುಗಿ ಎಂಬುದಕ್ಕೆ ತಾನಾಗಿ ಇಳಿ ಎನ್ನುವ ಅರ್ಥ ತುಂಗಭದ್ರೆಯ ಆಚೆಗೆ ಇದೆಯೇ? ಪತ್ರಿಕೆಯಲ್ಲಿ ಈಗಲೂ ಕೆಲಸದಲ್ಲಿ ಇರುವ ಕಿರಿಯ ಗೆಳೆಯರು, ‘ಜೀವಂತ ಸಮಾಧಿ’ಯ ಬದಲು ‘ಮಣ್ಣು ಜರಿದು ಮೂವರ ಸಾವು’ ಎಂದು ಹಾಕಿದರೆ ನಾಲ್ಕು ಕಾಲಂಗೆ ಎಷ್ಟು ಅಕ್ಷರ ಕಡಿಮೆ ಬೀಳುತ್ತದೆ ನೋಡಿ ಹೇಳಿ. ನಾನು ಎಣಿಸಿದೆ, ಕೂಡುತ್ತದೆ.

ಹುಡುಗರು ಹಳೇ ಪೋಸ್ಟರ್ ತೆಗೆದು ಹಾಕಿದ್ದಾರೆ. ಹೊಸದರಲ್ಲಿ ‘ಹುಗದಾನ’ ಎಂದು ದೊಡ್ಡದಾಗಿ ಬರೆಸಬೇಕು ಅಂತ ಅಳಿಯನ ಹಟ. ಬೆಂಗಳೂರಿನಲ್ಲಿ ತೋರಿಸಿದರೆ ‘ಹುಗ್ಗಿ’ ಅಂತ ಓದಿ ಅಡುಗೆಯ ಸಿನಿಮಾ ಅಂದುಕೊಳ್ಳುತ್ತಾರೆ ಅಂತ ಅವನ ಗೆಳೆಯನ ಅಂಜಿಕೆ. ಶುಕ್ರವಾರ ಅಚ್ಚಿಗೆ ಕೊಡುತ್ತಾರೆ, ಅಷ್ಟರೊಳಗೆ ಬರೆಯಿರಿ.